ಯಾವ ಆಯ್ತು?

"ಊಟ ಆಯ್ತಾ?" ಎಂದು ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದು ಪ್ರಶ್ನೆಯ ವೇಷ ತೊಟ್ಟ ನಮಸ್ಕಾರ. ಬೆಳಗ್ಗೆ ಕೇಳಿದರೂ ಸರಿ, ಸಂಜೆ ಕೇಳಿದರೂ ಸರಿ, "ಆಯ್ತು, ನಿಮ್ದು?" ಎಂದು ಮುಂದೆ ಹೋಗುವುದು ಸಭ್ಯರ ಲಕ್ಷಣ. ಹೊಟ್ಟೆ ಖಾಲಿಯಿದ್ದರೂ ಬಾಯಿ ತುಂಬ "ಆಯ್ತು" ಎನ್ನುವ ಈ ಉದಾರ ಸಂಪ್ರದಾಯವನ್ನು ನಾನು ಜೀವಮಾನವೆಲ್ಲ ನಿಷ್ಠೆಯಿಂದ ಪಾಲಿಸಿದ್ದೇನೆ. ಹಾಗಾಗಿ ಒಂದು ಮಧ್ಯಾಹ್ನ ಇಂದಿರಾನಗರದ ನಮ್ಮ ಆಫೀಸಿಗೆ ಹೊಸದಾಗಿ ಬಂದ ಇಂಜಿನಿಯರ್ ಮೇಡಂ ಒಬ್ಬರನ್ನು ಹೀಗೆ ಕೇಳಿ, ಅವರು ಕೊಟ್ಟ ಉತ್ತರಕ್ಕೆ ಕೈಯಲ್ಲಿದ್ದ ಕಾಫಿಯನ್ನು ಅಂಗಿಗೂ ಒಂದಿಷ್ಟು ಕುಡಿಸಿದೆ.

"ಪೂರ್ತಿ ಆಗಿಲ್ಲ ಸಾರ್. ಎರಡು ಚಪಾತಿ ತಿಂದೆ. ಮೂರನೇದು ನಾಲ್ಕ್ ಗಂಟೆಗೆ ಅಂತ ಇಟ್ಟಿದ್ದೀನಿ. ಕುರ್ಮಾ ಅರ್ಧ ಉಳಿದಿದೆ. ಯಾಕೆ ಸಾರ್?"

ಆ "ಯಾಕೆ ಸಾರ್" ನೋಡಿ! ನಮಸ್ಕಾರ ಹೇಳಿದವನನ್ನು "ಯಾಕೆ ನಮಸ್ಕಾರ?" ಎಂದು ವಿಚಾರಣೆಗೆ ನಿಲ್ಲಿಸಿದಂತಾಯಿತು. ಬೈಯಪ್ಪನಹಳ್ಳಿಯಿಂದ ಶಿವಾಜಿನಗರದವರೆಗೆ ದೊರೆಸ್ವಾಮಿಯ, ಅಂದರೆ ನನ್ನ, ಬಾಯಿ ಕಟ್ಟಿಸಿದವರು ಅದುವರೆಗೆ ಯಾರೂ ಇರಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಗೊತ್ತಿಲ್ಲದವರು ಕಡಿಮೆ, ಆದರೂ. ನಮ್ಮದು ಮನೆ, ಅಪಾರ್ಟ್‌ಮೆಂಟುಗಳಿಗೆ ಲಿಫ್ಟು ಕೂರಿಸುವ ಸಣ್ಣ ಕಂಪನಿ. ಉದ್ಧಾರ ಎಂಬ ಪದದ ಮೂಲ ಅರ್ಥ ಮೇಲಕ್ಕೆತ್ತುವುದು ಎಂದು ಬಲ್ಲವರು ಹೇಳುತ್ತಾರೆ; ಆ ಲೆಕ್ಕದಲ್ಲಿ ಊರಿನ ಉದ್ಧಾರವನ್ನು ನಿಜವಾಗಿ ಮಾಡುತ್ತಿರುವವರು ನಾವು, ಭಾಷಣ ಮಾಡುವವರಲ್ಲ. ಅರವತ್ತಕ್ಕೆ ನನಗೆ ಹಾರ ಹಾಕಿ ಕಳಿಸಿಕೊಟ್ಟ ಮಾಲೀಕರು ಆ ಹೂವು ಬಾಡುವ ಮೊದಲೇ ವಾಪಸ್ಸು ಕರೆಸಿಕೊಂಡರು. ಗಿರಾಕಿಗಳ ಜೊತೆ ಮಾತನಾಡಲು ನನ್ನಂಥವನು ಸಿಗಲಿಲ್ಲವಂತೆ. ಸಿಗುವುದು ಹೇಗೆ? ಹಲಸೂರಿನಲ್ಲಿ ತಮಿಳು, ಫ್ರೇಜರ್ ಟೌನಿನಲ್ಲಿ ದಖನಿ ಉರ್ದು, ಮಾರತ್ತಹಳ್ಳಿಯಲ್ಲಿ ಇಂಗ್ಲಿಷು, ಮೂರನ್ನೂ ಕನ್ನಡದ ಹಿಟ್ಟಿನಲ್ಲಿ ಅದ್ದಿ ಕರಿದು ಬಿಸಿಬಿಸಿಯಾಗಿ ಬಡಿಸುವ ಕಲೆ ಕಾಲೇಜಿನಲ್ಲಿ ಕಲಿಸುವುದಿಲ್ಲ.

ಇನ್ನೊಂದು ಕಲೆಯೂ ನನಗೆ ಸಿದ್ಧಿಸಿದೆ: ಕೀಟಲೆ. ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಬೇರೆ ಊರಿನಿಂದ ಬಂದ ಸೇಲ್ಸ್ ಮ್ಯಾನೇಜರನಿಗೆ ನಾನು, ನಮ್ಮ ಆಫೀಸಿನ ಲಿಫ್ಟು ಮಾತು ಕೇಳುವ ಹೊಸ ನಮೂನೆಯದು, ಆದರೆ ಅದಕ್ಕೆ ಕನ್ನಡ ಮಾತ್ರ ಅರ್ಥವಾಗುತ್ತದೆ ಎಂದು ಗಂಭೀರವಾಗಿ ಹೇಳಿದೆ. ಪಾಪ, ಆತ ಲಿಫ್ಟಿನೊಳಗೆ ಗೋಡೆಗೆ ಕೈಮುಗಿಯುವಂತೆ ನಿಂತುಕೊಂಡು, "ಮೂರು! ಮೂರನೇ ಮಹಡಿ! ದಯವಿಟ್ಟು!" ಎಂದು ಕೂಗುತ್ತಿದ್ದ. ಮೂರನೆಯ ಮಹಡಿಯಲ್ಲಿ ನಿಂತು ನಾನು ಗುಂಡಿ ಒತ್ತುತ್ತಿದ್ದೆ. ಲಿಫ್ಟು ಬರುತ್ತಿತ್ತು. ಆತ ಇಳಿದು, ಅದಕ್ಕೆ "ಧನ್ಯವಾದ" ಹೇಳಿ ಹೋಗುತ್ತಿದ್ದ. ಇಂದು ಆತ ನಿಮಗಿಂತ ಚೆನ್ನಾಗಿ ಕನ್ನಡ ಮಾತನಾಡುತ್ತಾನೆ. ಭಾಷಾಸೇವೆಗೆಂದು ನನಗೆ ಯಾರೂ ಇನ್ನೂ ಶಾಲು ಹೊದೆಸಿಲ್ಲ.

ಈ ಪ್ರಸಂಗ ಹೇಳಿದಾಗ ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ನಗದವರು ಒಬ್ಬರೇ, ಆ ಮೂರು ಚಪಾತಿಯ ಮೇಡಂ. ಹೆಸರು ತಬಸ್ಸುಮ್. ಫ್ರೇಜರ್ ಟೌನಿನವರು, ತವರಿನವರೆಲ್ಲ ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರಿಗಳು. ಕೂರಿಸಿದ ಲಿಫ್ಟನ್ನು ಪರೀಕ್ಷಿಸಿ "ಇನ್ನು ಜನ ಹತ್ತಬಹುದು" ಎಂದು ಒಪ್ಪಿಗೆ ಕೊಡುವುದು ಅವರ ಕೆಲಸ. ತಬಸ್ಸುಮ್ ಎಂದರೆ ಮುಗುಳ್ನಗೆಯಂತೆ. ಹೆಸರಿಟ್ಟವರು ನನಗಿಂತ ದೊಡ್ಡ ಕೀಟಲೆಗಾರರಿರಬೇಕು. ನನ್ನ ಕಥೆ ಕೇಳಿ ಆ ಮಹಾತಾಯಿ ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದಿಷ್ಟು:

"ಅವ್ರು ಒಂದ್ಸಲ 'ಎರಡು' ಅಂದಿದ್ರೆ ಸಿಕ್ಕಿಹಾಕ್ಕೊಳ್ತಿದ್ರಿ ಸಾರ್. ಎರಡನೇ ಫ್ಲೋರಲ್ಲೂ ಒಬ್ರನ್ನ ನಿಲ್ಲಿಸ್ಬೇಕಿತ್ತು."

ನಾನು ಆ ದಿನ ಇದನ್ನು ಅರಸಿಕತೆ ಎಂದುಕೊಂಡೆ. ಆ ಮಾತಿನೊಳಗೆ ಎಂಥ ಅಪಾಯ ಮಲಗಿತ್ತು ಎಂಬುದು ತಿಳಿಯಲು ಬಹಳ ದಿನ ಬೇಕಾಯಿತು.

ಇಂಥವರ ಜೊತೆ ಕೆಲಸ ಮಾಡುವುದು ಹೇಗೆ ಹೇಳಿ? ನಮ್ಮ ಮಾತು ಸಡಿಲ ಜುಬ್ಬದಂಥದು. ಯಾರು ತೊಟ್ಟರೂ ಆಗುತ್ತದೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ. "ಇಲ್ಲೇ ಪಕ್ಕದಲ್ಲಿದ್ದೀನಿ" ಎಂದರೆ ಬಾಣಸವಾಡಿಯಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿದ್ದೇನೆ ಎಂದರ್ಥ. "ಇನ್ನೇನು ಬಂದ್ಬಿಟ್ಟೆ" ಎಂದರೆ ಸ್ನಾನಕ್ಕೆ ನೀರು ಕಾಯುತ್ತಿದೆ ಎಂದರ್ಥ. ಇದನ್ನೆಲ್ಲ ಕೇಳುವವರೂ ಸರಿಯಾಗಿ ತಿದ್ದಿಕೊಂಡು ಕೇಳುತ್ತಾರಾದ್ದರಿಂದ ಊರು ನಡೆಯುತ್ತಿದೆ. ತಬಸ್ಸುಮ್ ತಿದ್ದಿಕೊಳ್ಳುವುದಿಲ್ಲ. ಪಕ್ಕದಲ್ಲಿ ಎಂದರೆ ಪಕ್ಕಕ್ಕೆ ತಿರುಗಿ ನೋಡುತ್ತಾರೆ. "ಲಿಫ್ಟು ಸ್ವಲ್ಪ ಅಲ್ಲಾಡತ್ತೆ" ಎಂದು ಗಿರಾಕಿ ದೂರಿದರೆ ನಾನು "ನೋಡ್ಕೋತೀವಿ ಬಿಡಿ" ಎಂದು ಸಮಾಧಾನ ಹೇಳುವಷ್ಟರಲ್ಲಿ ಅವರು ಫೋನು ಕಸಿದುಕೊಂಡು, "ಹತ್ತೋವಾಗ್ಲೋ ಇಳಿಯೋವಾಗ್ಲೋ? ಶುರುವಾಗೋವಾಗ್ಲೋ ನಿಲ್ಲೋವಾಗ್ಲೋ? ಒಬ್ರಿದ್ದಾಗ್ಲೋ ತುಂಬಿದಾಗ್ಲೋ?" ಎಂದು ಕೇಳಿರುತ್ತಾರೆ. ಗಿರಾಕಿ ದೂರನ್ನೇ ವಾಪಸ್ಸು ಪಡೆಯುತ್ತಾನೆ. ಅಲಂಕಾರಪ್ರಿಯನಾದ ನಾನು "ಲಿಫ್ಟು ಹಂಸದ ಹಾಗೆ ತೇಲ್ತಿದೆ ಮೇಡಂ" ಎಂದರೆ, "ಹಂಸ ಪಕ್ಕಕ್ಕೆ ತೇಲತ್ತೆ ಸಾರ್. ನಮ್ದು ಮೇಲೆ ಕೆಳಗೆ" ಎಂದು ಉಪಮೆಯನ್ನೇ ಫೇಲು ಮಾಡುತ್ತಾರೆ.

ಹೀಗೆ ಎಣ್ಣೆ ಸೀಗೆಕಾಯಿಯಂತಿದ್ದ ನಮ್ಮಿಬ್ಬರನ್ನು ಮಾಲೀಕರು ಹಲಸೂರಿನ ಒಂದು ಮನೆಗೆ ಒಟ್ಟಿಗೆ ಕಳಿಸಿದರು.

ಕೆರೆಯ ಹಿಂದಿನ ಗಲ್ಲಿಯಲ್ಲಿ ನಾಲ್ಕು ಮಹಡಿಯ ಮನೆ. ಯಜಮಾನಿ ಕಾಂತಮ್ಮಜ್ಜಿ. ಒಂದು ಕಾಲಕ್ಕೆ ಹಲಸೂರು ಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿದು ತರಕಾರಿ ಮಾರಿ ಮಕ್ಕಳನ್ನು ಓದಿಸಿದವರು. ಮನೆಯನ್ನು ಮಹಡಿಯ ಮೇಲೆ ಮಹಡಿ ಅವರೇ ಏರಿಸಿದ್ದು. ಕೆಲವು ವರ್ಷಗಳ ಹಿಂದೆ ಮಂಡಿ ಕೈಕೊಟ್ಟ ಮೇಲೆ ತಾರಸಿಗೆ ಹತ್ತಲಾಗದೆ ಕೆಳಗೆ ಕುಳಿತುಬಿಟ್ಟಿದ್ದರು. ಅಲ್ಲಿಂದ ಕೆರೆ ಕಾಣುತ್ತದೆ, ಅಲ್ಲಿ ಸಂಡಿಗೆ ಒಣಗಿಸುತ್ತಿದ್ದೆ ಎಂದು ಬಂದವರ ಬಳಿಯೆಲ್ಲ ಹೇಳುತ್ತಿದ್ದರು. ಅವರಿಗಾಗಿಯೇ ಮೊಮ್ಮಗ ಲಿಫ್ಟು ಹಾಕಿಸಿದ್ದ. ಆ ಬೆಳಗ್ಗೆ ತಾರಸಿಯಲ್ಲಿ ಮರಿಮೊಮ್ಮಗಳ ನಾಮಕರಣ. ತೊಟ್ಟಿಲು ಕಟ್ಟಿ ಆಗಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಅಜ್ಜಿ. ಅವರಂತೂ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಲಿಫ್ಟಿನ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಮದುವಣಗಿತ್ತಿಯಂತೆ ಕಾಯುತ್ತಿದ್ದರು. "ನಿಮ್ಮನ್ನ ನಾನೇ ಮೇಲೆ ಕರ್ಕೊಂಡ್ ಹೋಗ್ತೀನಿ ಅಜ್ಜಿ, ಇದು ದೊರೆ ಮಾತು" ಎಂದು ಅಷ್ಟೂ ನೆಂಟರ ಎದುರು ಎದೆ ತಟ್ಟಿ ಹೇಳಿದ್ದವನು ನಾನು.

ಉಳಿದಿದ್ದು ಒಂದೇ ಪರೀಕ್ಷೆ. ಕರೆಂಟು ಹೋದರೆ ಲಿಫ್ಟನ್ನು ಮೆಲ್ಲಗೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿಯೊಂದಿರುತ್ತದೆ. ನಮ್ಮ ಮೆಕ್ಯಾನಿಕ್ ಶರಣಪ್ಪ, ಕಲಬುರಗಿ ಕಡೆಯವನು, ಮೇಲೆ ಕುಳಿತು ಅದರ ಕೆಲಸದಲ್ಲಿದ್ದ. ನಾನು ಮೇಲೆ ಹೋಗಿ, "ಬ್ಯಾಟರಿ ವೈರ್ ಜೋಡಿಸ್ಬಿಡಪ್ಪಾ" ಎಂದೆ. ಅವನು "ಆತ್ರೀ ಸರ" ಎಂದ. ಅಷ್ಟರಲ್ಲಿ ಕೆಳಗೆ ಮೇನ್ ಸ್ವಿಚ್ಚಿನ ಬಳಿ ನಿಂತಿದ್ದ ತಬಸ್ಸುಮ್ ಫೋನು ಮಾಡಿ, "ದೊರೆ ಸಾರ್, ಬ್ಯಾಟರಿ ಆಯ್ತಾ?" ಎಂದರು. ನಾನು "ಆಯ್ತು ಮೇಡಂ" ಎಂದೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಶರಣಪ್ಪನ "ಆತ್ರೀ" ಎಂದರೆ "ಹೇಳಿದಿರಲ್ಲ, ಮಾಡುತ್ತೇನೆ" ಎಂದು. ನನ್ನ "ಆಯ್ತು" ಎಂದರೆ "ಹೇಳಿದ್ದೇನೆ, ಮಾಡುತ್ತಾನೆ" ಎಂದು. ತಬಸ್ಸುಮ್ ಕಿವಿಯಲ್ಲಿ ಅದು "ಮಾಡಿ ಮುಗಿಯಿತು" ಎಂದು. ಒಂದೇ ಪದ ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಭವಿಷ್ಯತ್ಕಾಲದಿಂದ ಭೂತಕಾಲಕ್ಕೆ ಬಂದಿತ್ತು. ದಖನಿಯಲ್ಲಿ ಮುಗಿದದ್ದಕ್ಕೆ "ಹೋಗಯಾ", ಒಪ್ಪಿದ್ದಕ್ಕೆ "ಅಚ್ಛಾ". ತಮಿಳಿನಲ್ಲಿ ಮುಗಿದದ್ದಕ್ಕೆ "ಆಚ್ಚು", ಒಪ್ಪಿದ್ದಕ್ಕೆ "ಸರಿ". ಒಪ್ಪಿಕೊಂಡ ಕೂಡಲೇ ಕೆಲಸ ಮುಗಿದಂತೆ ಎಂದು ಭಾವಿಸುವ ವಿಶಾಲ ಹೃದಯದವರು ನಾವು ಮಾತ್ರ. ಆದ್ದರಿಂದ ಮುಂದೆ ನಡೆದದ್ದರಲ್ಲಿ ನನ್ನ ತಪ್ಪು ಹುಡುಕಬೇಡಿ, ವ್ಯಾಕರಣವನ್ನು ಕೇಳಿ.

"ಪರೀಕ್ಷೆಗೆ ಒಳಗೆ ನಾನೇ ಇರ್ತೀನಿ, ದೊರೆ ಸವಾರಿ ಹೊರಡ್ತು!" ಎಂದು ಫೋನಿನಲ್ಲೇ ಸಾರಿ ಲಿಫ್ಟು ಹತ್ತಿದೆ. ಎರಡು ಮತ್ತು ಮೂರನೆಯ ಮಹಡಿಗಳ ನಡುವೆ ತಬಸ್ಸುಮ್ ಸ್ವಿಚ್ಚು ಇಳಿಸಿದರು. ದೀಪ ಹೋಯಿತು, ಫ್ಯಾನು ಹೋಯಿತು, ಲಿಫ್ಟು ನಿಂತಿತು. ಮೆಲ್ಲಗೆ ಇಳಿಯಬೇಕಾದದ್ದು ಇಳಿಯಲಿಲ್ಲ. ಊರಿಗೆಲ್ಲ ಲಿಫ್ಟು ಮಾರಿದವನು ಡಬ್ಬಿಯೊಳಗಿನ ಉಪ್ಪಿನಕಾಯಿಯಂತೆ ಕತ್ತಲಲ್ಲಿ ನಿಂತಿದ್ದೆ.

"ಮೇಡಂ, ಇಳೀತಿಲ್ಲ!"

"ತಮಾಷೆ ಬೇಡ ಸಾರ್, ಅಜ್ಜಿ ಇಲ್ಲೇ ಕೂತಿದ್ದಾರೆ."

"ಅಯ್ಯೋ, ತಮಾಷೆ ಅಲ್ಲ ಮೇಡಂ! ಪಾತಾಳದಲ್ಲಿ ಬಿದ್ದ ಹಾಗಿದೆ, ಯಮಧರ್ಮನ ಕೋಣದ ಗಂಟೆ ಕೇಳಿಸ್ತಿದೆ!"

"ಹೋದ್ ತಿಂಗಳೂ ಹೀಗೇ ಕೂಗಿ, ನಾವೆಲ್ಲ ಓಡಿ ಬಂದ್ಮೇಲೆ ಒಳಗೆ ಬಾಳೆಹಣ್ಣು ತಿಂತಾ ನಿಂತಿದ್ರಿ."

ಅದು ನಿಜವೇ. ಒಳ್ಳೆಯ ಬಾಳೆಹಣ್ಣು ಅದು, ಏಲಕ್ಕಿ. ಆದರೆ ಅದನ್ನು ಸ್ಮರಿಸುವ ಹೊತ್ತು ಇದಾಗಿರಲಿಲ್ಲ. ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಲಿಫ್ಟಿಗಿಂತ ಅದೇ ಚೆನ್ನಾಗಿ ಇಳಿಯುತ್ತಿತ್ತು. ಆಗ ಆಕೆ ತಣ್ಣಗೆ ಕೇಳಿದರು: "ಬೆಳಕು ಎಲ್ಲಿಂದಾದ್ರೂ ಕಾಣ್ತಿದ್ಯಾ?"

ನಾನು ನೋಡಿದೆ. "ಬಾಗಿಲ ಸಂದೀಲಿ ಒಂದು ಗೆರೆ ಕಾಣ್ತಿದೆ. ನನ್ನ ಎದೆ ಮಟ್ಟಕ್ಕೆ. ಕೆಳಗೆ ಕತ್ತಲೆ."

ಮರುಕ್ಷಣ ಸ್ವಿಚ್ಚು ಮೇಲೇರಿತು, ದೀಪ ಬಂತು, ಲಿಫ್ಟು ಏನೂ ಆಗದಂತೆ ನನ್ನನ್ನು ಕೆಳಗಿಳಿಸಿ ಬಾಗಿಲು ತೆರೆಯಿತು. ಯಮಪಾಶದಿಂದ ನನ್ನನ್ನು ಬಿಡಿಸಲು ಬೇಕಾದದ್ದು ಒಂದು ಸ್ವಿಚ್ಚು ಅಷ್ಟೇ. ಹೇಗೆ ನಂಬಿದಿರಿ ಎಂದು ಆಮೇಲೆ ಕೇಳಿದೆ. "ನಿಮ್ಮ ಮಾತಲ್ಲಿ ಉಪಮೆ ಇರ್ಲಿಲ್ಲ ಸಾರ್. ಆಗ್ಲೇ ಗೊತ್ತಾಯ್ತು, ನಿಜವಾಗ್ಲೂ ತೊಂದ್ರೇಲಿದ್ದೀರಾ ಅಂತ."

ಆದರೆ ಬಾಗಿಲು ತೆರೆದಾಗ ನನ್ನ ಬೆವರಿದ ಮುಖವನ್ನು ಎದುರಿಗೆ ಕುಳಿತ ಕಾಂತಮ್ಮಜ್ಜಿ ನೋಡಿಬಿಟ್ಟರು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

"ನಾನ್ ಹತ್ತಲ್ಲ ತಂಬಿ."

ಈ ವಯಸ್ಸಿನಲ್ಲಿ ನನ್ನನ್ನು ತಮ್ಮ ಎಂದು ಕರೆಯುವವರು ಊರಿನಲ್ಲಿ ಇನ್ನೂ ಇದ್ದಾರೆ ಎಂಬ ಸಂತೋಷವನ್ನೂ ಅನುಭವಿಸಲಾಗಲಿಲ್ಲ. "ಏನೂ ಆಗಲ್ಲ ಅಜ್ಜಿ, ನಾನಿದ್ದೀನಲ್ಲ" ಎಂದೆ.

"ನೀನಿದ್ದೆಯಲ್ಲಪ್ಪಾ ಒಳಗೆ. ಅದನ್ನ ನೋಡೇ ಹೇಳ್ತಿರೋದು. ಮಗೂನ ಕೆಳಗೇ ತರ್ಲಿ ಬಿಡು."

ಮೊಮ್ಮಗನ ಮುಖ ಬಾಡಿತು. ಇಂದು ಹತ್ತದಿದ್ದರೆ ಅಜ್ಜಿ ಎಂದೂ ಹತ್ತುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ನಾನು ಬತ್ತಳಿಕೆಯ ನಗೆಬಾಣಗಳನ್ನೆಲ್ಲ ಬಿಟ್ಟೆ, ಒಂದೂ ನಾಟಲಿಲ್ಲ. ಆಗ ತಬಸ್ಸುಮ್ ಬಂದು ಅಜ್ಜಿಯ ಕುರ್ಚಿಯ ಮುಂದೆ ನೆಲದ ಮೇಲೆಯೇ ಕುಳಿತರು.

"ಅಜ್ಜಿ, ಆಗತ್ತೆ. ಕರೆಂಟ್ ಹೋಗತ್ತೆ. ಖಂಡಿತ ಹೋಗತ್ತೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹೆದರಿದವರಿಗೆ ಹೀಗಾ ಹೇಳುವುದು! ಆದರೆ ಅಜ್ಜಿ ಮುಂದಕ್ಕೆ ಬಾಗಿದರು. "ಹೋದ್ರೆ?"

"ಬ್ಯಾಟರಿ ಕೆಲ್ಸ ಮಾಡತ್ತೆ, ಪಕ್ಕದ ಫ್ಲೋರಿಗೆ ಬಂದು ಬಾಗ್ಲು ತೆಗೆಯತ್ತೆ."

"ಬ್ಯಾಟರೀನೂ ಕೆಟ್ಟಿದ್ರೆ?"

"ನಿಲ್ಲತ್ತೆ. ಬೀಳಲ್ಲ. ಬೀಳದೇ ಇರೋಕೆ ಹಿಂದೆ ಕೌಂಟರ್‌ವೇಟ್ ಇದೆ, ಬ್ರೇಕ್ ಇದೆ, ಅದಕ್ಕೆ..."

ಇಲ್ಲಿ ಅಜ್ಜಿಯ ಕಣ್ಣು ಮಸುಕಾಯಿತು. ತಬಸ್ಸುಮ್ ಹೇಳುತ್ತಲೇ ಇದ್ದರು. ನಿಜವೆಲ್ಲ ಅಲ್ಲಿತ್ತು, ಅಜ್ಜಿಯ ತಲೆಗೆ ಮುಟ್ಟುವ ದಾರಿ ಮಾತ್ರ ಇರಲಿಲ್ಲ. ನಾನು ಮೆಲ್ಲನೆ ಬಾಯಿ ಹಾಕಿದೆ: "ತಕ್ಕಡಿ ಅಜ್ಜಿ. ಒಂದು ತಟ್ಟೇಲಿ ನೀವು, ಇನ್ನೊಂದು ತಟ್ಟೇಲಿ ಕಬ್ಬಿಣದ ಬಟ್ಟು. ನೀವು ಮೇಲೆ ಹೋದ್ರೆ ಅದು ಕೆಳಗೆ, ನೀವು ಕೆಳಗೆ ಬಂದ್ರೆ ಅದು ಮೇಲೆ." ಹೇಳಿ, ಹಂಸಕ್ಕಾದ ಗತಿ ನೆನೆದು ತಬಸ್ಸುಮ್ ಕಡೆ ಅಳುಕುತ್ತಾ ನೋಡಿದೆ. ಆಕೆ ಉಪಮೆಯನ್ನು ಮೇಲಿಂದ ಕೆಳಕ್ಕೆ ಪರೀಕ್ಷಿಸಿದಂತೆ ಒಂದು ಗಳಿಗೆ ತಡೆದು, "ಹೌ... ಹೌದು. ಇದು ಸರಿಯಾಗಿದೆ" ಎಂದರು. ನನ್ನ ಹಾರ, ಶಾಲು, ಬಿರುದು ಎಲ್ಲವೂ ಆ ಎರಡು ಮಾತಿನಲ್ಲಿ ಬಂದುಬಿಟ್ಟವು.

ಅಜ್ಜಿಗೆ ಹಳೆಯ ಕಸುಬಿನ ಕಳೆ ಬಂತು. "ಬಟ್ಟು ಸರಿಯಾದ್ದಾ? ಮೋಸದ್ದಾ?"

"ಸರಿಯಾದ್ದು. ನಾನೇ ನೋಡಿದ್ದೀನಿ" ಎಂದರು ತಬಸ್ಸುಮ್.

"ಮತ್ತೆ ಆ ಬ್ಯಾಟರಿ? ಅದಾಯ್ತಾ ಈಗ?"

ತಬಸ್ಸುಮ್ ತಿರುಗಿ ನನ್ನ ಮುಖ ನೋಡಿದರು. ಅಜ್ಜಿಯೂ ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಆ ಪದವನ್ನು ನುಂಗಿ, ನಾನು ಮೆಟ್ಟಿಲು ಹತ್ತಿದೆ. ನಾಲ್ಕೂ ಮಹಡಿ, ನನ್ನ ಕಾಲಿನಲ್ಲೇ. ಮೇಲೆ ಶರಣಪ್ಪ, "ನೀವು ಕೂಗಿದಾಗ ಇನ್ನಾ ವೈರ್ ಹಚ್ಚಿದ್ದಿಲ್ರಿ ಸರ. ಈಗ ಹಚ್ಚೀನ್ರಿ" ಎಂದ. ನಾನು ಬಗ್ಗಿ ನೋಡಿದೆ, ಎಳೆದು ನೋಡಿದೆ, ಏದುಸಿರು ಬಿಡುತ್ತ ಇಳಿದು ಬಂದು ವರದಿ ಒಪ್ಪಿಸಿದೆ:

"ಅಜ್ಜಿ, ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಎಳೆದೆ, ಬರ್ಲಿಲ್ಲ. ಪಕ್ಕದಲ್ಲಿ ಹಸಿರು ದೀಪ ಉರೀತಿದೆ. ನನ್ನ ಕಣ್ಣಲ್ಲೇ ನೋಡ್ದೆ."

ಮೆಟ್ಟಿಲಿಳಿಯುತ್ತಲೇ ಒಂದು ವಿಷಯ ಹೊಳೆದಿತ್ತು. ನಾನೇನು ವಿವರದ ವೈರಿಯೇ? ಲಿಫ್ಟು ಮಾತು ಕೇಳುತ್ತದೆಂದು ಮ್ಯಾನೇಜರನನ್ನು ನಂಬಿಸಿದಾಗ, ಬಾಗಿಲು ಮುಚ್ಚಲು ಎಷ್ಟು ಹೊತ್ತು, ಆತ ಗಂಟಲು ಸರಿಮಾಡಿಕೊಳ್ಳಲು ಎಷ್ಟು ಹೊತ್ತು, ನಾನು ಗುಂಡಿ ಒತ್ತಬೇಕಾದ್ದು ಯಾವ ಕ್ಷಣ ಎಂದು ಎಷ್ಟು ಸಲ ತಾಲೀಮು ಮಾಡಿದ್ದೆ! ಕೀಟಲೆಯಷ್ಟು ಕರಾರುವಾಕ್ಕಾದ ಕೆಲಸ ಇನ್ನೊಂದಿಲ್ಲ. ಕೂದಲೆಳೆ ಆಚೀಚೆಯಾದರೆ ಅದು ಬರೀ ತೊಂದರೆಯಾಗುತ್ತದೆ. ತಬಸ್ಸುಮ್ ನನ್ನ ಕೀಟಲೆಯಲ್ಲಿ ದೋಷ ಕಂಡದ್ದು ಅರಸಿಕತೆಯಲ್ಲ, ಸಹೃದಯ ವಿಮರ್ಶೆ. ನಮ್ಮಿಬ್ಬರದೂ ಒಂದೇ ಜಾತಿಯ ಮನಸ್ಸು. ಆಕೆ ಅದನ್ನು ಜನ ಸಿಕ್ಕಿಹಾಕಿಕೊಳ್ಳದಿರಲು ಬಳಸುತ್ತಾರೆ, ನಾನು ಸಿಕ್ಕಿಹಾಕಿಸಲು. ಅಂಥವರ ಜೊತೆ ಮಾತನಾಡಲು ಹೊಸ ಭಾಷೆಯೇನೂ ಬೇಕಿಲ್ಲ. ಕೀಟಲೆ ಹೂಡುವಾಗ ನನಗೆ ನಾನೇ ಹೇಳಿಕೊಳ್ಳುವಂತೆ ಹೇಳಿದರೆ ಸಾಕು: ಯಾರು, ಎಲ್ಲಿ, ಯಾವಾಗ, ಕಣ್ಣಾರೆ ಕಂಡದ್ದೇನು.

ಅಜ್ಜಿ ಎದ್ದು ನಿಂತರು. ಆದರೆ ಷರತ್ತು ಹಾಕಿದರು: "ನಾನ್ ಒಳಗಿರ್ವಾಗ್ಲೇ ಕರೆಂಟ್ ತೆಗೆದು ತೋರ್ಸಿ. ಆಗ ನಂಬ್ತೀನಿ."

ಅಜ್ಜಿ, ತಬಸ್ಸುಮ್, ನಾನು ಮೂವರೂ ಒಳಗೆ ಹೋದೆವು. ಮೊಮ್ಮಗ ಸ್ವಿಚ್ಚಿನ ಬಳಿ ನಿಂತ. ನಡುದಾರಿಯಲ್ಲಿ ಲಿಫ್ಟು ನಿಂತಿತು. ಅಜ್ಜಿ ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ತಬಸ್ಸುಮ್ ಕೈ ಹಿಡಿದರು. ಸಣ್ಣ ದೀಪವೊಂದು ಹೊತ್ತಿತು, ಲಿಫ್ಟು ಸದ್ದಿಲ್ಲದೆ ಸರಿಯಿತು, ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕಂಡದ್ದೇನು! ಶಾಸ್ತ್ರ ಮುಗಿಯುವವರೆಗೆ ಯಾರೂ ಮುಟ್ಟಬಾರದೆಂದು ಇಟ್ಟಿದ್ದ ಮೈಸೂರು ಪಾಕಿನ ತಟ್ಟೆಯ ಮುಂದೆ ಮನೆಯ ಹಿರಿಯ ಅಳಿಯ, ಎರಡೂ ಕೆನ್ನೆ ಉಬ್ಬಿಸಿಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದರು.

ಅಜ್ಜಿ ನಕ್ಕ ನಗೆಗೆ ಲಿಫ್ಟು ನಿಜವಾಗಿ ಅಲ್ಲಾಡಿತು. "ಒಳ್ಳೇ ಲಿಫ್ಟಪ್ಪಾ ಇದು! ಲೇ, ಇನ್ನೊಂದ್ಸಲ ಆಫ್ ಮಾಡೋ, ಮೂರನೇದ್ರಲ್ಲಿ ಯಾರಿದ್ದಾರೆ ನೋಡಣ!"

ಕೊನೆಗೂ ತಾರಸಿ ಬಂತು. ಅಜ್ಜಿ ಮೊದಲು ಕೆರೆ ನೋಡಿದರು, ಸಂಡಿಗೆ ಒಣಗಿಸುತ್ತಿದ್ದ ಮೂಲೆ ನೋಡಿದರು, ಆಮೇಲೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ, "ಆಯ್ತು" ಎಂದರು. ಮಾಡುತ್ತೇನೆ ಎಂದು ಒಪ್ಪಿದ್ದೂ, ಮಾಡಿ ಮುಗಿಸಿದ್ದೂ ಒಂದೇ ಪದದಲ್ಲಿ ಇಷ್ಟು ಚೆನ್ನಾಗಿ ಕುಳಿತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ತಬಸ್ಸುಮ್ ಕೂಡ ಯಾವ ಆಯ್ತು ಎಂದು ಕೇಳಲಿಲ್ಲ.

ಅಂದಿನಿಂದ ಅವರೊಡನೆ ನಾನು ಸ್ಪಷ್ಟವಾಗಿ ಮಾತನಾಡುತ್ತೇನೆ. ಅವರು ನನಗೆ ದಿನಕ್ಕೊಂದು ಉಪಮೆಯ ರಿಯಾಯಿತಿ ಕೊಟ್ಟಿದ್ದಾರೆ. ಮೊನ್ನೆ ಮಧ್ಯಾಹ್ನ ಹಳೆಯ ಚಾಳಿಯಿಂದ ಕೇಳಿಬಿಟ್ಟೆ: "ಊಟ ಆಯ್ತಾ ಮೇಡಂ?"

"ಆಯ್ತು ಸಾರ್."

ಅಷ್ಟೇ! ಚಪಾತಿಯ ಎಣಿಕೆಯಿಲ್ಲ, ಯಾಕೆ ಎಂಬ ವಿಚಾರಣೆಯಿಲ್ಲ. ಕೊನೆಗೂ ಈಕೆಯನ್ನು ನಮ್ಮ ದಾರಿಗೆ ತಂದೆನೆಂದು ಮೀಸೆ ತಿರುವಿಕೊಂಡು ನನ್ನ ಡಬ್ಬಿ ಬಿಚ್ಚಿದೆ. ಹೆಂಡತಿ ಕಟ್ಟಿಕೊಟ್ಟಿದ್ದ ಮಾವಿನಕಾಯಿ ಚಿತ್ರಾನ್ನದ ಒಂದು ಅಗುಳೂ ಇರಲಿಲ್ಲ. ಡಬ್ಬಿಯ ನಡುವೆ ನೀಟಾಗಿ ಮಡಚಿದ ಒಂದು ಚಪಾತಿ, ಪಕ್ಕದಲ್ಲಿ ಅರ್ಧ ಬಟ್ಟಲು ಕುರ್ಮಾ.

ತಲೆ ಎತ್ತಿದೆ. ಎದುರು ಮೇಜಿನಿಂದ ತಬಸ್ಸುಮ್ ತಮ್ಮ ಹೆಸರನ್ನು ಮೊದಲ ಸಲ ಸಾರ್ಥಕಗೊಳಿಸುತ್ತಾ ಹೇಳಿದರು: "ಯಾರ ಊಟ ಅಂತ ನೀವು ಕೇಳ್ಲಿಲ್ಲ ಸಾರ್."

ಎರಡನೆಯ ಮಹಡಿಯಲ್ಲೂ ಜನ ನಿಲ್ಲಿಸಿ ಹೂಡಿದ ಕೀಟಲೆ ಇದು. ಒಂದು ದೋಷವೂ ಹುಡುಕಲು ಸಿಗಲಿಲ್ಲ. ಅಷ್ಟರಲ್ಲಿ ಮನೆಯಿಂದ ಫೋನು ಬಂತು. "ರೀ, ಊಟ ಆಯ್ತಾ?" ಎಂದು ಕೇಳಿದಳು ಹೆಂಡತಿ, ದಿನವೂ ಕೇಳುವಂತೆ, ಉತ್ತರ ಬೇಕಿಲ್ಲದವಳಂತೆ.

"ಪೂರ್ತಿ ಆಗಿಲ್ಲ ಕಣೇ," ಎಂದೆ. "ನಿನ್ನ ಚಿತ್ರಾನ್ನ ಆಯ್ತು, ನನ್ನ ಊಟ ಆಗಿಲ್ಲ. ಮೂರನೇ ಚಪಾತಿ ಈಗ ಶುರು ಮಾಡ್ತಿದ್ದೀನಿ."

ಆ ಕಡೆಯಿಂದ ಅವಳು ಕೇಳಿದಳು: "ಯಾಕೆ ರೀ?"